ಒಂದೇ ನಾಟಕಕ್ಕೆ ಮೂರು ಎಳೆ: ಎಐ ಚಾಟ್‌ನಲ್ಲಿ ಒಟ್ಟಿಗೆ ಬೆಳೆಸುವುದು ಹೇಗೆ? ಅನುಭವ ಇದ್ದವರು ಹೇಳಿ

ಹವ್ಯಾಸಿ_ರಂಗ ಕೇಳಿದ್ದು:
ರಾಜ್ಯೋತ್ಸವಕ್ಕೆ 40 ನಿಮಿಷದ ನಾಟಕ ಆಗಬೇಕು. ವಸ್ತು ಕೆರೆ ಒತ್ತುವರಿ. ಒಂದು ಎಳೆ ಅಣ್ಣ-ತಂಗಿಯ ಆಸ್ತಿ ಜಗಳ, ಇನ್ನೊಂದು ಸರ್ವೆಯರ್ ಕಡೆಯಿಂದ, ಮೂರನೆಯದರಲ್ಲಿ ಕೆರೆಯೇ ಮಾತಾಡುತ್ತೆ. ಒಂದೇ ಚಾಟ್‌ನಲ್ಲಿ ಮೂರನ್ನೂ ಹಾಕಿದರೆ ಕಲಸಿಹೋಗುತ್ತಿವೆ. ಬೇರೆ ಬೇರೆಯಾಗಿ ನಡೆಸುವ ಕ್ರಮ ಏನು? ದುಡ್ಡು ಕೊಟ್ಟು ಚಂದಾ ತಗೋಬೇಕಾ?

ಕವಲುದಾರಿ:
ಕಲಸದೆ ಇನ್ನೇನಾಗುತ್ತೆ? ಪ್ರತಿ ಉತ್ತರಕ್ಕೂ ಅದು ಚಾಟ್‌ನಲ್ಲಿರುವುದನ್ನೆಲ್ಲ ಮೇಲಿಂದ ಓದಿಕೊಂಡೇ ಬರುತ್ತೆ. ಸರ್ವೆಯರ್ ಮಾತು ತಂಗಿಯ ಬಾಯಲ್ಲಿ ಬರೋದು ಅದಕ್ಕೇ.

ನನ್ನ ಪದ್ಧತಿಯಲ್ಲಿ ಮೊದಲು 300 ಪದ ಮೀರದ ಮೂಲಪತ್ರ. ಊರು, ಕಾಲ, ಕೆರೆ ಎಷ್ಟು ಎಕರೆ, ರಂಗದ ಮೇಲೆ ಎಷ್ಟು ಜನ, ಏನೇನು ಬರಕೂಡದು. ಅದನ್ನು ಹಾಕಿ ‘ಇನ್ನೂ ಬರೆಯಬೇಡ, ಅರ್ಥವಾದದ್ದನ್ನು ಐದು ಸಾಲಲ್ಲಿ ಹೇಳು’ ಅನ್ನಬೇಕು. ಐದು ಸಾಲು ಸರಿ ಬರುವವರೆಗೆ ಮೂಲಪತ್ರವನ್ನೇ ತಿದ್ದಬೇಕು. ಕೆಳಗೆ ‘ಅಲ್ಲ, ಹಾಗಲ್ಲ’ ಅಂತ ಸೇರಿಸುತ್ತಾ ಹೋದರೆ ಆ ಗೊಂದಲವೂ ಎಲ್ಲ ಕವಲಿಗೂ (ಆ ಚಾಟ್‌ನಿಂದಲೇ ಒಡೆದು ತೆಗೆಯುವ ಬೇರೆ ಚಾಟ್‌ಗಳಿಗೂ) ಹೋಗುತ್ತೆ. ಸರಿಯಾದ ಮೇಲೆ ಕವಲು ಒಡೆಯಿರಿ. ಚಾಟ್‌ಜಿಪಿಟಿ ವೆಬ್‌ನಲ್ಲಿ 2025ರ ಸೆಪ್ಟೆಂಬರ್‌ನಿಂದ ಉತ್ತರದ ಕೆಳಗಿನ ಮೆನುವಿನಲ್ಲೇ ಹೊಸ ಚಾಟ್‌ಗೆ ಕವಲೊಡೆಯುವ ಆಯ್ಕೆ ಇದೆ, ಗೂಗಲ್ ಎಐ ಸ್ಟುಡಿಯೋದಲ್ಲೂ ಇದೆ. ಇನ್ನೊಂದು ಎಐ ಆದ ಕ್ಲಾಡ್‌ನಲ್ಲಿ ಹಳೆಯ ಪ್ರಶ್ನೆ ತಿದ್ದಿ ಕಳಿಸಿದರೆ ಟಿಸಿಲೊಡೆಯುತ್ತೆ, ಬಾಣದ ಗುರುತು ಒತ್ತಿ ಹಿಂದಿನದಕ್ಕೆ ಹೋಗಬಹುದು. ಆದರೆ ಬಾಣದ ಟಿಸಿಲಿಗೆ ಹೆಸರಿಡೋಕೆ ಬರಲ್ಲ. ಹೊಸ ಚಾಟ್ ಮಾಡಿ ‘ಕೆರೆ-1-ತಂಗಿ’, ‘ಕೆರೆ-2-ಸರ್ವೆ’ ಅಂತ ಮೊದಲೇ ಹೆಸರಿಡಿ.

ಖಾಲಿ_ಹಾಳೆ:
ಮೇಲಿನವರ ಕ್ರಮದಲ್ಲಿ ಮೂರೂ ಕವಲಿಗೆ ಒಂದೇ ದನಿ ಬರುತ್ತೆ. ಆ ಐದು ಸಾಲು ಬರೆದದ್ದು ಎಐ. ಅದರ ಧಾಟಿ ಬುಡದಲ್ಲೇ ಕೂತಿದ್ದರೆ ಕೆರೆಯೂ ಸರ್ವೆಯರ್ ಥರಾನೇ ಮಾತಾಡುತ್ತೆ. ಕವಲು ಬೇಡ, ಮೂರು ಖಾಲಿ ಚಾಟ್ ತೆಗೆದು ಮೂಲಪತ್ರವನ್ನು ಮೂರು ಸಲ ಅಂಟಿಸಿ.

ಅದೂ ಸಾಲದು. ಚಾಟ್‌ಜಿಪಿಟಿಯ ನೆನಪಿನ ಸೌಲಭ್ಯ 2025ರ ಏಪ್ರಿಲ್‌ನಿಂದ ನಿಮ್ಮ ಹಳೆಯ ಚಾಟ್‌ಗಳನ್ನೂ ನೋಡಿಕೊಳ್ಳುತ್ತೆ. ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆಫ್ ಮಾಡದೆ ಹತ್ತು ಟ್ಯಾಬ್ ತೆಗೆದರೂ ಬೇರ್ಪಡಲ್ಲ. ತಾತ್ಕಾಲಿಕ ಚಾಟ್ ಬಳಸಿದರೆ ಸೋರಿಕೆ ಇಲ್ಲ, ಆದರೆ ಅದು ಪಟ್ಟಿಯಲ್ಲಿ ಉಳಿಯಲ್ಲ. ಮುಚ್ಚುವ ಮೊದಲು ನಕಲು ಮಾಡಿಟ್ಟುಕೊಳ್ಳಿ.

ಮುಖ್ಯ ವಿಷಯ ಬೇರೆ ಇದೆ. ‘ಮೂರು ಬೇರೆ ಬೇರೆ ಕಥೆ ಕೊಡು’ ಅಂದರೆ ಪಾತ್ರ ಬದಲಾಗುತ್ತೆ, ಮುಕ್ತಾಯ ಬದಲಾಗಲ್ಲ. ಮೂರರಲ್ಲೂ ಕೊನೆಗೆ ಮಳೆ ಬಂದು ಏರಿಯ ಮೇಲೆ ಎಲ್ಲರೂ ರಾಜಿಯಾಗುತ್ತಾರೆ. 2024ರಲ್ಲಿ ಸೈನ್ಸ್ ಅಡ್ವಾನ್ಸಸ್ ಪತ್ರಿಕೆಯಲ್ಲಿ ಬಂದ ಅಧ್ಯಯನವೂ ಇದನ್ನೇ ಹೇಳಿತು: ಎಐ ಕೊಟ್ಟ ಹೊಳಹಿನಿಂದ ಬರೆದ ಒಂದೊಂದು ಕಥೆಯೂ ಚೆನ್ನಾಗಾಗುತ್ತೆ, ಆದರೆ ಕಥೆಗಳು ಒಂದನ್ನೊಂದು ಹೋಲತೊಡಗುತ್ತವೆ. ಆದ್ದರಿಂದ ವ್ಯತ್ಯಾಸವನ್ನು ನೀವೇ ಕಟ್ಟಳೆಯಾಗಿ ಬರೆದುಕೊಡಬೇಕು. ತಂಗಿಯ ಚಾಟ್‌ಗೆ: ‘ಕೊನೆಯವರೆಗೂ ಕ್ಷಮಿಸುವುದಿಲ್ಲ, ಮಳೆ ಬರುವುದಿಲ್ಲ, ಯಾರೂ ಸಾಯುವುದಿಲ್ಲ.’ ಸರ್ವೆಯರ್ ಚಾಟ್‌ಗೆ: ‘ಅವನು ಸರಪಳಿ ಅಳತೆ ತಿರುಚಿದ್ದು 10ನೇ ನಿಮಿಷಕ್ಕೇ ಪ್ರೇಕ್ಷಕರಿಗೆ ಗೊತ್ತು, ಊರವರಿಗೆ ಕೊನೆಗೂ ಗೊತ್ತಾಗುವುದಿಲ್ಲ.’ ಕೆರೆಗೆ: ‘ಆರು ಸಾಲು ಮೀರಬಾರದು, ಉಪದೇಶ ಇಲ್ಲ.’ ಪ್ರತಿ ಎಳೆಗೂ ಇಂಥ ನಾಲ್ಕು ಕಟ್ಟಳೆ ಇಲ್ಲದೆ ಶುರು ಮಾಡಲೇಬೇಡಿ.

ಕವಲುದಾರಿ:
ಐದು ಸಾಲಿನ ದನಿ ಅಂತೀರಲ್ಲ, ಆ ಐದು ಸಾಲನ್ನು ಪಟ್ಟಿ ರೂಪದಲ್ಲಿ ಕೇಳಿದರೆ ದನಿ ಎಲ್ಲಿಂದ ಬರುತ್ತೆ? ಪೂರ್ತಿ ಓದಿ ತಪ್ಪು ಹುಡುಕಿ.

ಟೋಕನ್_ಲೆಕ್ಕ:
ಚಂದಾ ಕೇಳಿದ್ದಕ್ಕೆ ಯಾರೂ ಉತ್ತರಿಸಿಲ್ಲ. ಭಾರತದಲ್ಲಿ ಚಾಟ್‌ಜಿಪಿಟಿ ಗೋ 2025ರ ಆಗಸ್ಟ್‌ನಲ್ಲಿ ತಿಂಗಳಿಗೆ 399 ರೂಪಾಯಿಗೆ ಬಂತು, ಆಗ ಪ್ಲಸ್ 1,999. ಮೂರು ಎಳೆಗೆ ಪ್ಲಸ್ ದಂಡ. ದುಡ್ಡು ಎಲ್ಲಿ ಸೋರುತ್ತೆ ಅಂತ ತಿಳಿದರೆ ಎಪಿಐನಲ್ಲಿ (ಚಂದಾ ಇಲ್ಲದೆ ಪ್ರೋಗ್ರಾಂ ಮೂಲಕ ಎಐಯನ್ನು ನೇರ ಬಳಸುವ ದಾರಿ) ಬಳಸಿದಷ್ಟಕ್ಕೇ ಕೊಟ್ಟು ಮುಗಿಸಬಹುದು.

ಅಲ್ಲಿ ಲೆಕ್ಕ ಟೋಕನ್‌ನಲ್ಲಿ, ಅಂದರೆ ಎಐ ಪಠ್ಯವನ್ನು ಒಡೆದುಕೊಳ್ಳುವ ತುಣುಕುಗಳಲ್ಲಿ. ‘ಲಕ್ಷ್ಮಿ’ ಅನ್ನೋದನ್ನೇ ನೋಡಿ. ಕಣ್ಣಿಗೆ ಎರಡು ಅಕ್ಷರ. ಯೂನಿಕೋಡ್‌ನಲ್ಲಿ (ಎಲ್ಲ ಲಿಪಿಗಳಿಗೂ ಸಂಕೇತ ಕೊಡುವ ವ್ಯವಸ್ಥೆ) ಲ, ಕ, ವಿರಾಮ (ಒತ್ತು ಕೂಡಿಸುವ ಗುರುತು), ಷ, ವಿರಾಮ, ಮ, ಇಕಾರ ಸೇರಿ ಏಳು ಸಂಕೇತ. ಅವನ್ನು ಕಡತದಲ್ಲಿಡುವ ಯುಟಿಎಫ್-8 ಕ್ರಮದಲ್ಲಿ ಒಂದೊಂದಕ್ಕೆ 3 ಬೈಟ್, ಒಟ್ಟು 21. ಇಂಗ್ಲಿಷ್ ಅಕ್ಷರಕ್ಕೆ ಒಂದೇ ಬೈಟ್. ಪಠ್ಯವನ್ನು ಟೋಕನ್ ಆಗಿ ಒಡೆಯುವ ಹಳೆಯ ಟೋಕನೈಸರ್‌ಗಳಲ್ಲಿ ಕನ್ನಡಕ್ಕೆ ಹಲವು ಪಟ್ಟು ಖರ್ಚಾಗುತ್ತಿದ್ದದ್ದು ಇದರಿಂದ. 2024ರ ಮೇನಲ್ಲಿ ಜಿಪಿಟಿ-4ಒ ಜತೆ ಹೊಸ ಟೋಕನೈಸರ್ ಬಂದಾಗ ತೆಲುಗಿನ ಮಾದರಿ ವಾಕ್ಯಕ್ಕೆ 3.5 ಪಟ್ಟು ಕಡಿಮೆ ಟೋಕನ್ ಅಂತ ಅದರ ಕಂಪನಿ ಓಪನ್‌ಎಐಯೇ ತೋರಿಸಿತು. ಕನ್ನಡಕ್ಕೂ ಇಳಿದಿದೆ, ಇಂಗ್ಲಿಷ್ ಮಟ್ಟಕ್ಕೆ ಬಂದಿಲ್ಲ.

ಎಪಿಐನಲ್ಲಿ ಪ್ರತಿ ಸಲವೂ ಇಡೀ ಸಂಭಾಷಣೆ ಮತ್ತೆ ಹೋಗುತ್ತೆ, ಅದರ ಲೆಕ್ಕವೂ ಮತ್ತೆ ಬೀಳುತ್ತೆ. ಮೂರು ಎಳೆ ಒಂದೇ ಚಾಟ್‌ನಲ್ಲಿದ್ದರೆ ತಂಗಿಯ ಒಂದು ಮಾತು ತಿದ್ದಲು ಕೆರೆಯ ಸ್ವಗತಕ್ಕೂ ದುಡ್ಡು ತೆರುತ್ತೀರಿ. ಓಪನ್‌ಎಐ ಚಾಟ್ ಎಪಿಐನಲ್ಲಿ ‘ಎನ್’ ಅನ್ನೋ ಅಂಶಕ್ಕೆ 3 ಕೊಟ್ಟರೆ ಒಂದೇ ಪ್ರಶ್ನೆಗೆ ಮೂರು ಉತ್ತರ. ಪ್ರಶ್ನೆಯ ಖರ್ಚು ಒಂದೇ ಸಲ, ಉತ್ತರದ್ದು ಮೂರಕ್ಕೂ. ಟೆಂಪರೇಚರ್ (ಉತ್ತರ ಎಷ್ಟು ಅಡ್ಡಾದಿಡ್ಡಿಯಾಗಿ ಬರಬಹುದು ಅನ್ನೋ ಅಳತೆ) ಓಪನ್‌ಎಐನಲ್ಲಿ 0ಯಿಂದ 2, ಕ್ಲಾಡ್‌ನಲ್ಲಿ 0ಯಿಂದ 1. ಯೋಚಿಸಿ ಉತ್ತರಿಸುವ ಕೆಲವು ಮಾದರಿಗಳಲ್ಲಿ ಬದಲಿಸೋಕೇ ಆಗಲ್ಲ. ಹೊಳಹಿಗೆ 1ರ ಆಸುಪಾಸು ಇಡಿ. ಜಾಸ್ತಿ ಏರಿಸಿದರೆ ಕನ್ನಡ ಕೆಡುತ್ತೆ.

ಇನ್ನೊಂದು: ಕಥೆಯ ಹಂದರವನ್ನು ಇಂಗ್ಲಿಷ್‌ನಲ್ಲಿ ಮಾಡಿಸಿ, ಸಂಭಾಷಣೆಗೆ ಮಾತ್ರ ಕನ್ನಡ ಬಳಸಿ. ಹಂದರದ ಖರ್ಚು ಇಳಿಯುತ್ತೆ.

ಬಡಗಣ_ಮಾತು:
ಈ ಕೊನೇ ಸಲಹೆ ದಯವಿಟ್ಟು ಯಾರೂ ಕೇಳಬೇಡಿ. ಹಂದರ ಇಂಗ್ಲಿಷಾದರೆ ಭಾವವೂ ಇಂಗ್ಲಿಷೇ. ತಂಗಿ ಬಂದು ‘ಅಣ್ಣ, ನಾನು ನಿನ್ನನ್ನು ಕಳೆದುಕೊಳ್ಳಲು ಬಯಸುವುದಿಲ್ಲ’ ಅಂತಾಳೆ. ಯಾವ ಊರಾಗ ಯಾವ ತಂಗಿ ಹಿಂಗಂತಾಳ್ರೀ? ‘ಹೊಲಾ ನೀನ ಇಟಗೋ, ಪಂಚಮಿಗೆ ಮಾತ್ರ ಕರಿಯಾಕ ಬರಬ್ಯಾಡ’ ಅಂದರ ಆತು, ನಾಟಕ ಅಲ್ಲೇ ನಿಂತಿತು.

ಪ್ರತಿ ಚಾಟ್‌ನ ತಲೆಯಲ್ಲಿ ಆ ಪಾತ್ರದ 20 ಸಾಲು ಮಾತು ಕೈಯಾರೆ ಬರೆದು ಹಾಕಿ. ‘ಉತ್ತರ ಕರ್ನಾಟಕದ ಭಾಷೆಯಲ್ಲಿ ಬರೆ’ ಅಂದರೆ ಸಾಲದು. ‘ಮಾಡಾಕತ್ತೀನಿ’, ‘ಮಾಡ್ಲಿಕ್ಕತ್ತೀನಿ’, ‘ಮಾಡ್ಲತ್ತೀನಿ’ ಮೂರನ್ನೂ ಒಬ್ಬನ ಬಾಯಿಗೇ ಹಾಕಿಬಿಡುತ್ತೆ. ಈ ಪಾತ್ರಕ್ಕೆ ಇದೊಂದೇ ರೂಪ ಅಂತ ಪಟ್ಟಿ ಕೊಡಬೇಕು. ಆರೇಳು ಸುತ್ತು ಆದಮೇಲೆ ಗ್ರಾಂಥಿಕಕ್ಕೆ ಜಾರುತ್ತೆ, ಆಗ 20 ಸಾಲು ಮತ್ತೆ ಅಂಟಿಸಿ.

ಟೋಕನ್_ಲೆಕ್ಕ:
ಹಂದರ ಅಂದರೆ ಯಾರು ಬರುತ್ತಾರೆ, ಯಾರು ಹೋಗುತ್ತಾರೆ ಅನ್ನೋ ಪಟ್ಟಿ. ಅದರಲ್ಲಿ ಭಾವ ಎಲ್ಲಿದೆ? ಭಾಷಾಭಿಮಾನಕ್ಕೆ ಬಿಲ್ ಕಟ್ಟೋ ಶಕ್ತಿ ಎಲ್ಲರಿಗೂ ಇರಲ್ಲ.

ಬಡಗಣ_ಮಾತು:
ಅಭಿಮಾನದ ಮಾತಲ್ಲ ಸರ್. ಯಾರು ಯಾವಾಗ ಎದ್ದು ಹೋಗುತ್ತಾರೆ ಅನ್ನೋದರಲ್ಲೇ ಸಂಬಂಧ ಇರೋದು. ನಿಮ್ಮ ಪಟ್ಟಿಯಲ್ಲಿ ಅತ್ತಿಗೆ ಜಗಳದ ನಡುವೆ ಸುಮ್ಮನೆ ನಿಂತಿರುತ್ತಾಳೆ. ನಮ್ಮ ಮನೆಗಳಲ್ಲಿ ಅವಳು ಒಳಗೆ ಹೋಗಿ ಪಾತ್ರೆ ಕುಕ್ಕುತ್ತಾಳೆ. ಅದು ನಾಟಕ.

ಕಲಬುರಗಿ_ಬಿಸಿಲು:
‘ಮಾಡ್ಲತ್ತೀನಿ’ನೂ ಉತ್ತರ ಕರ್ನಾಟಕಾನೇ. ಅದನ್ನ ಎಐ ತಪ್ಪಿನ ಪಟ್ಟಿಗೆ ಸೇರಿಸಬ್ಯಾಡ್ರಿ. ಉತ್ತರ ಅಂದ್ರ ಹುಬ್ಬಳ್ಳಿ-ಧಾರವಾಡ ಅಷ್ಟೇ ಅಂತ ತಿಳಕೊಂಡೋರಿಂದಲೇ ನಮ್ ಭಾಷಾ ರಂಗದ ಮ್ಯಾಲೆ ಬರಲ್ದಂಗ ಆಗ್ಯಾದ.

ಬಡಗಣ_ಮಾತು:
ಮೂರೂ ಸರಿ, ಒಬ್ಬನ ಬಾಯಲ್ಲಿ ಮೂರೂ ಬರೋದು ತಪ್ಪು ಅಂದೆ. ಓದಿ ಬರೀರಿ.

ತಾಲೀಮು_ಕೋಣೆ:
ಎಳೆ ಯಾವಾಗ ಬಿಡಬೇಕು ಅನ್ನೋದನ್ನು ಯಾರೂ ಹೇಳಲಿಲ್ಲ. ‘ಮೂರರಲ್ಲಿ ಯಾವುದು ಚೆನ್ನಾಗಿದೆ’ ಅಂತ ಎಐಯನ್ನು ಕೇಳಬೇಡಿ. ನಿಮಗೆ ಯಾವುದು ಇಷ್ಟ ಅನ್ನೋ ಸುಳಿವು ಪ್ರಶ್ನೆಯಲ್ಲೇ ಸಿಕ್ಕಿದರೆ ಅದನ್ನೇ ಹೊಗಳುತ್ತೆ. ಮೂರರಿಂದಲೂ ಮೊದಲ ದೃಶ್ಯ ಮಾತ್ರ ಬರೆಸಿ, ಮುದ್ರಿಸಿ, ಇಬ್ಬರನ್ನು ಕೂರಿಸಿ ಗಟ್ಟಿಯಾಗಿ ಓದಿಸಿ, ಗಡಿಯಾರ ಹಿಡಿಯಿರಿ. ‘40 ನಿಮಿಷದ ನಾಟಕ’ ಅಂತ ಅದು ಕೊಡೋದು ಓದಿದರೆ 12 ನಿಮಿಷಕ್ಕೆ ಮುಗಿಯುತ್ತೆ. ಕಾಲದ ಅಂದಾಜು ಅದಕ್ಕಿಲ್ಲ, ದೃಶ್ಯಕ್ಕೆ ಇಷ್ಟು ಪದ ಅಂತಲೇ ಕೇಳಬೇಕು. ಎರಡು ಎಳೆ ಕೂಡಿಸುವುದಾದರೆ ಇಡೀ ಚಾಟ್ ಅಂಟಿಸಬೇಡಿ. ಆಯ್ದ ಮಾತುಗಳನ್ನಷ್ಟೇ ಹೊಸ ಚಾಟ್‌ಗೆ ತನ್ನಿ.

ಹವ್ಯಾಸಿ_ರಂಗ:
ಎಲ್ಲರಿಗೂ ಧನ್ಯವಾದ. ಹಳೆಯ ದೃಶ್ಯಗಳು ‘ನುಡಿ’ ಕನ್ನಡ ತಂತ್ರಾಂಶದಲ್ಲಿವೆ. ಅಂಟಿಸಿದರೆ ಯುರೋಪಿನ ಲಿಪಿಯ ಥರ ಏನೋ ಬರುತ್ತಿದೆ, ಎಐ ಅದನ್ನೂ ಓದಿದಂತೆ ಉತ್ತರಿಸುತ್ತಿದೆ.

ಟೋಕನ್_ಲೆಕ್ಕ:
ಅದು ಯೂನಿಕೋಡ್ ಅಲ್ಲದ ಹಳೆಯ ನುಡಿ ಕಡತ. ಎಐ ಓದಿಲ್ಲ, ಊಹಿಸಿದೆ. ಮೊದಲು ಆ ಹಳೆಯ ಸಂಕೇತವಾದ ಆಸ್ಕಿಯಿಂದ ಯೂನಿಕೋಡ್‌ಗೆ ಪರಿವರ್ತಕದಲ್ಲಿ ಬದಲಿಸಿ, ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ನೋಡಿ, ಆಮೇಲೆ ಹಾಕಿ. ಆ ಊಹೆಯ ಮೇಲೆ ಬಂದ ಉತ್ತರ ಇರುವ ಚಾಟ್‌ಗಳನ್ನು ಅಳಿಸಿಬಿಡಿ, ಮುಂದುವರಿಸಬೇಡಿ.

ಕವಲುದಾರಿ:
ಅಳಿಸೋದು ಯಾಕೆ? ಆ ಪ್ರಶ್ನೆಯನ್ನೇ ತಿದ್ದಿ ಯೂನಿಕೋಡ್ ಪಠ್ಯ ಹಾಕಿದರೆ ಹೊಸ ಟಿಸಿಲು ಬರುತ್ತೆ, ಮೇಲಿನ ಮೂಲಪತ್ರ ಉಳಿಯುತ್ತೆ.