ಅಪ್‌ಡೇಟ್: ಸೂಪರ್‌ಚಾರ್ಜರ್ ಕಾರಿನ ಮ್ಯಾಫ್ ಸೆನ್ಸರ್ ಎಲ್ಲಿರಬೇಕು

ಆಗುಂಬೆ ಘಾಟಿಯ ತಿರುವಿನಲ್ಲಿ ಆಕ್ಸಿಲರೇಟರ್ ಬಿಟ್ಟ ಕೂಡಲೇ ಎಂಜಿನ್ ತಡವರಿಸಿ ಕಪ್ಪು ಹೊಗೆ ಬರ್ತಿದೆ, ಮ್ಯಾಫ್ ಸೆನ್ಸರ್ (ಎಂಜಿನ್ನಿಗೆ ಹೋಗುವ ಗಾಳಿಯನ್ನು ಅಳೆಯುವ ಸೆನ್ಸರ್) ಜಾಗ ತಪ್ಪಿದೆಯಾ ಅಂತ ಕೇಳಿದ್ದೆ. ಕಾರಣ ಸಿಕ್ಕಿತು. ಉತ್ತರ ಕೊಟ್ಟ ಎಲ್ಲರಿಗೂ ಧನ್ಯವಾದ.

ಸೆನ್ಸರ್ ಸರಿಯಾದ ಜಾಗದಲ್ಲೇ ಇತ್ತು: ಏರ್ ಫಿಲ್ಟರ್ ಆದ ಮೇಲೆ, ಸೂಪರ್‌ಚಾರ್ಜರ್ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಪಂಪ್) ಬಾಯಿಗಿಂತ ಮೊದಲು. ತಪ್ಪಿದ್ದು ಹೆಚ್ಚಾದ ಗಾಳಿಗೆ ಬೇರೆ ದಾರಿ ಕೊಡುವ ಬೈಪಾಸ್ ವಾಲ್ವ್. ಆಕ್ಸಿಲರೇಟರ್ ಬಿಟ್ಟು ಥ್ರಾಟಲ್ (ಎಂಜಿನ್ನಿನ ಗಾಳಿಬಾಗಿಲು) ಮುಚ್ಚಿದಾಗ ಅದು ಗಾಳಿಯನ್ನು ಹೊರಗೆ ಬಿಡುತ್ತಿತ್ತು. ಆ ಗಾಳಿಯನ್ನು ಸೆನ್ಸರ್ ಆಗಲೇ ಲೆಕ್ಕ ಹಾಕಿರುತ್ತದೆ, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಅದಕ್ಕೂ ಪೆಟ್ರೋಲ್ ಸುರಿಯುತ್ತದೆ. ವಾಲ್ವಿನ ಹೋಸನ್ನು ಸೆನ್ಸರ್ ಮತ್ತು ಸೂಪರ್‌ಚಾರ್ಜರ್ ನಡುವೆ ವಾಪಸ್ ಜೋಡಿಸಿದ ಮೇಲೆ ಹೊಗೆ ನಿಂತಿದೆ. ಹೋಸ್ ಸೆನ್ಸರಿಗೆ ತೀರಾ ಹತ್ತಿರ ಬೇಡ. ಹಿಮ್ಮೆಟ್ಟಿದ ಗಾಳಿಯನ್ನೂ ಸೆನ್ಸರಿನೊಳಗಿನ, ಗಾಳಿ ಅಳೆಯುವ ಬಿಸಿ ತಂತಿ ಎಣಿಸಿಬಿಡುತ್ತದೆ. ಸೆನ್ಸರಿಗೆ ಮುಂಚೆ 15 ಸೆಂ.ಮೀ.ನಷ್ಟಾದರೂ ನೇರ ಪೈಪ್ ಇರಲಿ, ಸೆನ್ಸರ್ ಮೇಲಿನ ಬಾಣದ ಗುರುತು ಎಂಜಿನ್ ಕಡೆಗಿರಲಿ.

ಸೋರಿಕೆಯ ಜಾಗ ನೋಡಿ ಲಕ್ಷಣ ಬದಲಾಗುತ್ತದೆ. ಸೆನ್ಸರ್–ಸೂಪರ್‌ಚಾರ್ಜರ್ ನಡುವೆ ಸೋರಿದರೆ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಬಂದು ಮಿಶ್ರಣ ಲೀನ್ (ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲದಂತೆ) ಆಗುತ್ತದೆ. ಬೂಸ್ಟ್‌ನಲ್ಲಿ (ಸೂಪರ್‌ಚಾರ್ಜರ್ ಒತ್ತಡ ಕೊಡುವಾಗ) ಇದೇ ಹೆಚ್ಚು ಅಪಾಯ, ಪಿಸ್ಟನ್ನೇ ಹೋಗಬಹುದು. ಸೂಪರ್‌ಚಾರ್ಜರ್ ಆಚೆ ಸೋರಿದರೆ ಬೂಸ್ಟ್‌ನಲ್ಲಿ ರಿಚ್, ಅಂದರೆ ಪೆಟ್ರೋಲ್ ಜಾಸ್ತಿ.

ಮಲೆನಾಡಿನ ಮಳೆಗೆ ಇನ್ನೊಂದು ಮಾತು: ಫಿಲ್ಟರನ್ನು ಚಕ್ರದ ಹತ್ತಿರ ತೆರೆದಿಡಬೇಡಿ. ಎರಚಲಿನ ಹನಿ ತಂತಿಗೆ ತಾಗಿದರೆ ತಂತಿ ತಣ್ಣಗಾಗಿ ಗಾಳಿ ಜಾಸ್ತಿಯಿದೆ ಎಂದು ತೋರಿಸುತ್ತದೆ. ಫಿಲ್ಟರಿಗೆ ಹಚ್ಚಿದ ಹೆಚ್ಚುವರಿ ಎಣ್ಣೆಯೂ ತಂತಿಗೆ ಮೆತ್ತಿಕೊಳ್ಳುತ್ತದೆ. ಮ್ಯಾಫ್ ಕ್ಲೀನರ್ ಮಾತ್ರ ಸಿಂಪಡಿಸಿ, ಬಟ್ಟೆಯಲ್ಲಿ ಒರೆಸಬೇಡಿ.