ಶಿರಸಿಯಿಂದ ಕಾರವಾರಕ್ಕೆ ಬೈಕಿನಲ್ಲಿ: ಮೂರು ರಾತ್ರಿ ಡೇರೆ ಎಲ್ಲಿ ಹಾಕಬಹುದು?

ಹಾವೇರಿ ಸವಾರ

ನಮಸ್ಕಾರ. ಡಿಸೆಂಬರ್ ಮೂರನೇ ವಾರದಲ್ಲಿ ನಾನೂ ನನ್ನ ಭಾವನೂ ಎರಡು ಬೈಕುಗಳಲ್ಲಿ ಹೊರಟು, ಹಾನಗಲ್ಲು, ಬನವಾಸಿ, ಶಿರಸಿ ದಾರಿಯಾಗಿ ಘಟ್ಟ ಇಳಿದು, ಗೋಕರ್ಣ, ಕಾರವಾರ ನೋಡಿಕೊಂಡು, ಅರಬೈಲು ಘಟ್ಟ ಹತ್ತಿ ಯಲ್ಲಾಪುರದ ಮೇಲೆ ಊರು ಸೇರಬೇಕೆಂದಿದ್ದೇವೆ. ಇಬ್ಬರು ಮಲಗುವ ಡೇರೆಯೊಂದು ನಮ್ಮಲ್ಲಿದೆ. ಲಾಡ್ಜಿಗೆ ದುಡ್ಡು ಸುರಿಯುವ ಮನಸ್ಸಿಲ್ಲ. ಮೊದಲ ರಾತ್ರಿ ಉಂಚಳ್ಳಿ ಜಲಪಾತದ ಬಳಿಯ ಕಾಡಿನಲ್ಲಿ, ಎರಡನೆಯದು ಯಾಣದ ಬುಡದಲ್ಲಿ, ಮೂರನೆಯದು ಕಾರವಾರದ ಕಡಲತೀರದಲ್ಲಿ ಎಂದು ನಕ್ಷೆ ನೋಡಿ ಗುರುತು ಹಾಕಿಕೊಂಡಿದ್ದೇನೆ. ಇದು ನಡೆಯುವ ಮಾತೇ ಎಂಬುದನ್ನು ಆ ಕಡೆಯವರು ಯಾರಾದರೂ ತಿಳಿಸಬೇಕು.

ಶಿರಸಿ ಸೀಮೆಯವ

ದಾರಿಯನ್ನು ಚೆನ್ನಾಗಿಯೇ ಆರಿಸಿಕೊಂಡಿದ್ದೀರಿ. ಆದರೆ ಮಲಗಲು ಗುರುತು ಹಾಕಿಕೊಂಡ ಮೂರು ಜಾಗಗಳಲ್ಲಿ ಒಂದೂ ನಡೆಯುವುದಿಲ್ಲ. ಉಂಚಳ್ಳಿಯೂ ಯಾಣವೂ ಅರಣ್ಯ ಇಲಾಖೆಯ ನೆಲದಲ್ಲಿವೆ. ಅಲ್ಲಿ ಅನುಮತಿಯಿಲ್ಲದೆ ರಾತ್ರಿ ಉಳಿಯುವುದು ಅಪರಾಧ.

ಅದಕ್ಕಿಂತಲೂ ಮುಖ್ಯವಾದ ಇನ್ನೊಂದು ಸಂಗತಿ ಹೊರಗಿನವರಿಗೆ ಹೊಳೆಯುವುದಿಲ್ಲ. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ನಮ್ಮ ನೆರೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಂಚಳ್ಳಿ ಇರುವ ಸಿದ್ದಾಪುರ ತಾಲೂಕಿನಲ್ಲಿ ಅದರಿಂದ ಜನ ಸತ್ತಿದ್ದಾರೆ. ಅದನ್ನು ಹರಡುವ ಉಣುಗುಗಳು (ಉಣ್ಣೆಗಳು) ಒಣ ತರಗೆಲೆಯಲ್ಲಿರುತ್ತವೆ. ಎಳೆಯವು ಎಳ್ಳುಕಾಳಿಗಿಂತ ಚಿಕ್ಕವಾಗಿರುವುದರಿಂದ ಕಚ್ಚಿದ್ದು ಗೊತ್ತೇ ಆಗದಿರಬಹುದು. ಡಿಸೆಂಬರಿನಿಂದ ಮೇವರೆಗೆ ಅವುಗಳ ಕಾಲ. ಆ ದಿನಗಳಲ್ಲಿ ನಮ್ಮೂರಿನವರೇ ಸೊಪ್ಪು, ತರಗೆಲೆಗೆಂದು ಬೆಟ್ಟಕ್ಕೆ ಹೋಗುವಾಗ ಕೈಕಾಲಿಗೆ ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಹಚ್ಚಿಕೊಳ್ಳುತ್ತಾರೆ. ನೀವು ಆ ತರಗೆಲೆಯ ಮೇಲೆಯೇ ಡೇರೆ ಹಾಸಿ ಮಲಗುವ ಮಾತಾಡುತ್ತಿದ್ದೀರಿ!

ಆದ್ದರಿಂದ ಉಂಚಳ್ಳಿಯನ್ನು ಹಗಲಿನಲ್ಲಿ ನೋಡಿ. ಅಘನಾಶಿನಿ 116 ಮೀಟರ್ ಕೆಳಕ್ಕೆ ಧುಮುಕುವುದನ್ನು ನೋಡಿ ಸಂಜೆಯೊಳಗೆ ಯಾವುದಾದರೂ ಹಳ್ಳಿ ಸೇರಿ, ಮನೆಯೊಂದರ ಮುಂದೆ ಬೈಕ್ ನಿಲ್ಲಿಸಿ, ಯಜಮಾನರನ್ನು ಕೇಳಿ. ಹೋಂಸ್ಟೇಗಳೂ ಬೇಕಾದಷ್ಟಿವೆ, ಕೆಲವರು ತಮ್ಮ ಜಾಗದಲ್ಲಿ ಡೇರೆ ಹಾಕಲು ಕಡಿಮೆ ಹಣಕ್ಕೆ ಬಿಡುತ್ತಾರೆ. ಒಂದು ಮಾತು ನೆನಪಿಡಿ: ಡಿಸೆಂಬರ್ ಎಂದರೆ ನಮ್ಮಲ್ಲಿ ಅಡಿಕೆಯ ಕೊನೆಕೊಯ್ಲಿನ ಸುಗ್ಗಿ. ಅಂಗಳದ ತುಂಬ ಬೇಯಿಸಿದ ಅಡಿಕೆ ಹರಡಿರುತ್ತದೆ, ರಾತ್ರಿ ಬಹಳ ಹೊತ್ತಿನವರೆಗೆ ಬಲ್ಬಿನ ಬೆಳಕಿನಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಸುಲಿಯುತ್ತಿರುತ್ತಾರೆ. ಅಂಗಳದಲ್ಲಿ ಜಾಗವಿಲ್ಲದೆ ಜಗಲಿಯಲ್ಲೇ ಮಲಗಿ ಎಂದರೆ ಎರಡು ಮಾತಾಡದೆ ಒಪ್ಪಿಕೊಳ್ಳಿ. ಬೆಳಗಿನ ಇಬ್ಬನಿಗೆ ಡೇರೆ ತೊಯ್ದು ತೊಪ್ಪೆಯಾಗುವುದು ಹೇಗೂ ತಪ್ಪುವುದಿಲ್ಲ.

ಎರಡನೇ ದಿನ ಯಾಣ. ಅಲ್ಲಿನ ಎರಡು ದೊಡ್ಡ ಬಂಡೆಗಳಲ್ಲಿ ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್ ಎತ್ತರ. ಸೊಕ್ಕಿದ್ದವನಿಗೆ ಯಾಣ, ರೊಕ್ಕಿದ್ದವನಿಗೆ ಗೋಕರ್ಣ ಎಂಬ ಗಾದೆ ರಸ್ತೆಯಿಲ್ಲದ ಕಾಲದ್ದು. ಈಗ ಬಂಡೆಯ ಹತ್ತಿರದವರೆಗೂ ವಾಹನ ಹೋಗುತ್ತದೆ. ಶಾಲ್ಮಲೆ ನದಿಯ ಕಲ್ಲುಗಳಲ್ಲಿ ಕೆತ್ತಿದ ಸಹಸ್ರಲಿಂಗವನ್ನು ಸೇರಿಸಿಕೊಳ್ಳುವುದಾದರೆ ಮೊದಲ ದಿನವೇ ನೋಡಿಬಿಡಿ. ಕುಮಟೆಗೆ ಇಳಿಯುವ ದೇವಿಮನೆ ಘಟ್ಟದಲ್ಲಿ ರಸ್ತೆ ಅಗಲ ಮಾಡುವ ಕೆಲಸಕ್ಕಾಗಿ ಕೆಲವೊಮ್ಮೆ ಸಂಚಾರ ನಿಲ್ಲಿಸಿದ್ದುಂಟು. ಹೊರಡುವ ಮುನ್ನ ಶಿರಸಿಯ ಬಸ್‌ಸ್ಟ್ಯಾಂಡಿನಲ್ಲಿ ಯಾವ ಚಾಲಕರನ್ನು ಕೇಳಿದರೂ ಹೇಳುತ್ತಾರೆ.

ಕಾಳಿ ದಂಡೆ

ಘಟ್ಟದ ಮೇಲಿನವರು ಮೇಲಿನದನ್ನು ಹೇಳಿದ್ದಾರೆ, ಕೆಳಗಿನದನ್ನು ನಾನು ಹೇಳುತ್ತೇನೆ. ಕಾರವಾರದ ಟ್ಯಾಗೋರ್ ಕಡಲತೀರ ಹೆದ್ದಾರಿಗೆ ಅಂಟಿಕೊಂಡೇ, ಊರ ನಡುವೆ ಇದೆ. ಅಲ್ಲಿ ಸಂಜೆ ಕಳೆಯಬಹುದು, 2006ರಿಂದ ದಡದಲ್ಲಿ ನಿಂತಿರುವ ಚಾಪಲ್ ಯುದ್ಧನೌಕೆಯ ಒಳಹೊಕ್ಕು ನೋಡಬಹುದು, ಆದರೆ ಮಲಗಲಾಗದು. ಊರಿನ ದಕ್ಷಿಣಕ್ಕೆ ಅರಗಾ ಕಡೆಗೆ ಹೋದರೆ ನೌಕಾನೆಲೆಯ ಪ್ರದೇಶ. ಅಲ್ಲಿ ಡೇರೆಯ ಮಾತಿರಲಿ, ಕ್ಯಾಮೆರಾ ಹೊರತೆಗೆಯುವುದೂ ಬೇಡ. ಉಳಿಯಲು ಕಾಳಿ ಸೇತುವೆ ದಾಟಿ ಮಾಜಾಳಿಯ ಕಡೆ ಹೋಗಿ, ತೆಂಗಿನ ತೋಟದ ಮನೆಯವರನ್ನು ಕೇಳುವುದು ವಾಸಿ.

ಮರಳಿನ ಮೇಲೆಯೇ ಮಲಗುವ ಆಸೆ ನನಗೂ ಇತ್ತು. ಕೆಲವು ವರ್ಷಗಳ ಹಿಂದೆ ಅಂಕೋಲೆಯ ದಕ್ಷಿಣಕ್ಕೆ ಒಂದು ದಡದಲ್ಲಿ, ಅದೂ ಹುಣ್ಣಿಮೆಯ ರಾತ್ರಿ, ಬೆಳದಿಂಗಳು ಚೆಂದವೆಂದು ನೀರಿನ ಹತ್ತಿರವೇ ಡೇರೆ ಹಾಕಿದೆ. ನಡುರಾತ್ರಿ ಬೆನ್ನಿನಡಿಯಲ್ಲಿ ತಣ್ಣಗಾಗಿ ಎದ್ದು ನೋಡಿದರೆ ಭರತದ (ಉಬ್ಬರದ) ನೀರು ಒಳಗೇ ಬಂದಿತ್ತು, ಬೈಕ್ ಒಂದು ಬದಿಗೆ ಮಲಗಿತ್ತು. ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಭರತ ಹೆಚ್ಚು ಎಂಬುದು ಇಲ್ಲಿನ ಮಕ್ಕಳಿಗೂ ಗೊತ್ತು; ನನಗೆ ಆ ಹೊತ್ತಿಗೆ ನೆನಪಾಗಲಿಲ್ಲ. ಕಪ್ಪೆಚಿಪ್ಪು, ಕಡ್ಡಿಕಸ ಒಂದು ಗೆರೆಯಂತೆ ಸಾಲಾಗಿ ಬಿದ್ದಿರುತ್ತವಲ್ಲ, ಹಿಂದಿನ ಭರತ ಬಂದು ನಿಂತದ್ದು ಅಲ್ಲಿಗೆ. ಅದರಿಂದ ಸಾಕಷ್ಟು ಮೇಲೆ, ಗಟ್ಟಿ ನೆಲದಲ್ಲಿ ಇರಬೇಕು. ಸೈಡ್ ಸ್ಟ್ಯಾಂಡಿನಡಿಗೆ ಒಂದು ಚಪ್ಪಟೆ ಕಲ್ಲನ್ನೋ ತೆಂಗಿನ ಚಿಪ್ಪನ್ನೋ ಇಡಲು ಮರೆಯಬೇಡಿ.

ದಡದಲ್ಲಿ ಎಳೆದಿಟ್ಟ ದೋಣಿಗಳ ಪಕ್ಕ, ಬಲೆ ಎಳೆಯುವ ಜಾಗದಲ್ಲಿ ಡೇರೆ ಹಾಕಬೇಡಿ, ಏಕೆಂದರೆ ನಸುಕಿಗೇ ಜನ ಬರುತ್ತಾರೆ. ಚಳಿಗಾಲದ ರಾತ್ರಿಗಳಲ್ಲಿ ಆಲಿವ್ ರಿಡ್ಲೆ ಆಮೆಗಳು ನಮ್ಮ ದಡಗಳಿಗೆ ಮೊಟ್ಟೆಯಿಡಲು ಬರುವುದರಿಂದ ಮರಳಿನಲ್ಲಿ ಬೆಂಕಿ ಹಾಕುವುದನ್ನೂ ಬಿಡಬೇಕು.

ಹಾವೇರಿ ಸವಾರ

ಇಬ್ಬರಿಗೂ ಧನ್ಯವಾದಗಳು. ಉಣುಗಿನ ವಿಷಯ ಓದಿದ ಮೇಲೆ ಭಾವನವರು ಡೇರೆಯನ್ನು ಮನೆಯಲ್ಲೇ ಬಿಡೋಣ ಎನ್ನುತ್ತಿದ್ದಾರೆ! ಮೊದಲ ರಾತ್ರಿ ಶಿರಸಿಯ ಹಳ್ಳಿಯ ಕಡೆ, ಎರಡನೆಯದು ಗೋಕರ್ಣ, ಮೂರನೆಯದು ಮಾಜಾಳಿ ಎಂದು ಬದಲಿಸಿಕೊಂಡಿದ್ದೇವೆ. ಯಾಣ ನೋಡಿ ಕುಮಟೆಗೆ ಇಳಿದ ಮೇಲೆ, ಗೋಕರ್ಣಕ್ಕೆ ಹೆದ್ದಾರಿಯಲ್ಲದೆ ಬೇರೆ ದಾರಿ ಇದೆಯೇ?

ಕುಮಟೆಯವನು

ಇದೆ. ಕುಮಟೆಯಿಂದ ಬಾಡ, ಕಾಗಾಲ ದಾರಿಯಲ್ಲಿ ಅಘನಾಶಿನಿ ಊರಿಗೆ ಹೋದರೆ, ನದಿ ಕಡಲು ಸೇರುವಲ್ಲಿ ತದಡಿಗೆ ದಾಟುವ ದೋಣಿ ಸಿಗುತ್ತದೆ, ಬೈಕನ್ನೂ ಹತ್ತಿಸಿಕೊಳ್ಳುತ್ತಾರೆ. ತದಡಿಯಿಂದ ಗೋಕರ್ಣ ಹತ್ತಿರ. ನೀರು ಇಳಿದ ಹೊತ್ತಾದರೆ ಅಳಿವೆಯಲ್ಲಿ ಸೊಂಟದವರೆಗಿನ ನೀರಿನಲ್ಲಿ ನಿಂತು ಬಳಚು (ತಿನ್ನುವ ಚಿಪ್ಪುಜೀವಿ) ಹೆಕ್ಕುವವರನ್ನೂ ನೋಡಬಹುದು. ಈ ದಾರಿ ಹಿಡಿದರೆ ಹೆದ್ದಾರಿಯ ಪಕ್ಕದ ಮಿರ್ಜಾನ ಕೋಟೆ ತಪ್ಪುತ್ತದೆ. ಕರಿಮೆಣಸಿನ ರಾಣಿ ಎನಿಸಿದ್ದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಆ ಕೆಂಪುಕಲ್ಲಿನ ಕೋಟೆಯನ್ನು ನೋಡಲೇಬೇಕೆಂದಿದ್ದರೆ ಹೆದ್ದಾರಿಯೇ ಸರಿ. ದೋಣಿಯ ದಾರಿಗೆ ಬರುವುದಾದರೆ ಕತ್ತಲಾಗುವ ಮೊದಲೇ ಬನ್ನಿ, ಕೊನೆಯ ದೋಣಿ ಎಷ್ಟು ಹೊತ್ತಿಗೆಂದು ಕುಮಟೆಯಲ್ಲೇ ವಿಚಾರಿಸಿಕೊಳ್ಳಿ, ಚಿಲ್ಲರೆ ಜೇಬಿನಲ್ಲಿಟ್ಟುಕೊಳ್ಳಿ.