ಕೌಂಟಿಯ ಬೊಕ್ಕಸ ಬರಿದಾಗಿದೆಯಂತೆ, ಸಭೆಯಲ್ಲಿ ಏನು ಕೇಳಲಿ?

ಅಮೆರಿಕದ ಒರೆಗಾನ್ ರಾಜ್ಯದ ದಕ್ಷಿಣದಲ್ಲಿ ಒಂದು ಹಳ್ಳಿಗಾಡಿನ ಕೌಂಟಿಯಲ್ಲಿ (ನಮ್ಮ ಜಿಲ್ಲೆಯಂಥದು) ಒಂಬತ್ತು ವರ್ಷದಿಂದ ಇದ್ದೇವೆ. ಊರು ತೀರಾ ಸಣ್ಣದು, ಹೆಸರು ಬರೆದರೆ ಮನೆಯ ಬಾಗಿಲನ್ನೇ ತೋರಿಸಿದಂತೆ, ಹಾಗಾಗಿ ಬೇಡ. ಕಳೆದ ವಾರ ಕೌಂಟಿಯಿಂದ ಕಾಗದ ಬಂತು. ಸಾಮಾನ್ಯ ನಿಧಿಯಲ್ಲಿ ಕೊರತೆ ಬಿದ್ದಿದೆ, ಜುಲೈ 1ರಿಂದ ಎರಡು ಶಾಖಾ ಗ್ರಂಥಾಲಯಗಳು ಮುಚ್ಚಬಹುದು, ಶೆರಿಫ್ (ಕೌಂಟಿ ಪೊಲೀಸ್ ಮುಖ್ಯಸ್ಥ) ಕಚೇರಿಯ ರಾತ್ರಿ ಗಸ್ತು ನಿಲ್ಲಬಹುದು, ವಯಸ್ಸಾದವರ ಮನೆಗೆ ಊಟ ಒಯ್ಯುವ ವ್ಯಾನು ವಾರಕ್ಕೆ ಎರಡೇ ದಿನ ಓಡಬಹುದು ಎಂದಿದೆ. ಮಂಗಳವಾರ ಸಂಜೆ ಸಭೆ. ಮಾತನಾಡುವವರಿಗೆ ತಲಾ ಮೂರು ನಿಮಿಷ.

ಪೌರತ್ವ ಸಿಕ್ಕಿ ಎರಡು ವರ್ಷವಾದರೂ ಇಂಥ ಸಭೆಗೆ ಒಮ್ಮೆಯೂ ಹೋದವಳಲ್ಲ. ನಮ್ಮ ಮಾವನವರು ದಿನಾ ಬೆಳಿಗ್ಗೆ ಗ್ರಂಥಾಲಯದ ಬಾಗಿಲು ತೆರೆಯುವುದನ್ನೇ ಕಾದು ನಿಂತಿರುತ್ತಾರೆ. ಅಲ್ಲಿ ಒಂದೇ ಒಂದು ಕನ್ನಡ ಪುಸ್ತಕವಿಲ್ಲ, ಆದರೂ ಅವರಿಗೆ ಅದೇ ಅರಳಿಕಟ್ಟೆ. ಇದನ್ನೆಲ್ಲ ಕಂಡು ಅನುಭವಿಸಿದವರು ಇದ್ದರೆ ದಯವಿಟ್ಟು ಹೇಳಿ. ಹೋದರೆ ಪ್ರಯೋಜನವಿದೆಯೇ? ಹೋಗಿ ಏನು ಕೇಳಲಿ?

ಗ್ರಾಂಟ್ಸ್ ಪಾಸ್‌ನಲ್ಲಿ ನೆಲೆಸಿರುವವರು, ಮೂಲತಃ ತೀರ್ಥಹಳ್ಳಿ ಕಡೆ:

ಮೇಡಂ, ಕೌಂಟಿ ನಡೆಸುವ ಚುನಾಯಿತ ಕಮಿಷನರುಗಳ ದುಂದುವೆಚ್ಚದಿಂದಲೇ ಹೀಗಾಯಿತೆಂದು ಮಂಗಳವಾರ ಹತ್ತು ಜನರಾದರೂ ಕೂಗುತ್ತಾರೆ. ದುಂದು ಇದ್ದರೂ ಇರಬಹುದು. ಆದರೆ ಈ ಕಾಯಿಲೆಯ ಬೇರು ಕಾಡಿನಲ್ಲಿದೆ.

1866ರಲ್ಲಿ ಸರ್ಕಾರ ರೈಲು ಮಾರ್ಗ ಹಾಕಲೆಂದು ಇಲ್ಲಿನ ಕಾಡನ್ನು ಕಂಪನಿಗೆ ಕೊಟ್ಟಿತು. ನೆಲೆಸಲು ಬಂದವರಿಗೆ ಎಕರೆಗೆ ಎರಡೂವರೆ ಡಾಲರ್ ಮೀರದಂತೆ ಮಾರಬೇಕೆಂಬ ಷರತ್ತು ಆಮೇಲೆ ಸೇರಿತು. ಕಂಪನಿ ಅದನ್ನು ಗಾಳಿಗೆ ತೂರಿ ದೊಡ್ಡ ದೊಡ್ಡ ಮರದ ವ್ಯಾಪಾರಿಗಳಿಗೆ ಮಾರಿಕೊಂಡಿತು. 1916ರಲ್ಲಿ ಸರ್ಕಾರ ಉಳಿದ ಜಮೀನನ್ನು ವಾಪಸ್ ಕಿತ್ತುಕೊಂಡಿತು. ಸರ್ಕಾರದ ಜಮೀನಿಗೆ ಆಸ್ತಿ ತೆರಿಗೆ ಇಲ್ಲವಲ್ಲ, ಹಾಗಾದರೆ ಕೌಂಟಿಗಳ ಗತಿ? ಅದಕ್ಕೆಂದು 1937ರ ಕಾಯ್ದೆ ಬಂತು: ಆ ಕಾಡಿನ ನಾಟಾ ಮಾರಿದ ಹಣದಲ್ಲಿ ಅರ್ಧ ಪಾಲು 18 ಕೌಂಟಿಗಳಿಗೆ. ನಮ್ಮ ಜೋಸೆಫೀನ್ ಕೌಂಟಿಯಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ನೆಲ ಕೇಂದ್ರ ಸರ್ಕಾರದ್ದೇ. ಹೀಗಾಗಿ ದಶಕಗಟ್ಟಲೆ ಮರವೇ ಇಲ್ಲಿನವರ ತೆರಿಗೆ ಕಟ್ಟಿತು. ಆಮೇಲೆ 1990ರಲ್ಲಿ ಈ ಹಳೆಯ ಕಾಡುಗಳಲ್ಲಿ ಬದುಕುವ ಚುಕ್ಕೆ ಗೂಬೆ ಅಪಾಯದಂಚಿನ ಪಟ್ಟಿಗೆ ಸೇರಿತು, 1994ರಲ್ಲಿ ಹೊಸ ಅರಣ್ಯ ಯೋಜನೆ ಬಂತು, ಕಡಿತಲೆ ಪಾತಾಳಕ್ಕಿಳಿಯಿತು. ಸಾಮಿಲ್‌ಗಳು ಒಂದೊಂದಾಗಿ ಬಾಗಿಲು ಹಾಕಿದವು. ನಮ್ಮೂರಿನ ಕಡೆಯ ಸಾಮಿಲ್ ಅಂಗಳದಲ್ಲಿ ಹುಲ್ಲು ಬೆಳೆದದ್ದು ಕಂಡಿದ್ದ ನನಗೆ ಇಲ್ಲಿನ ಹಳಬರ ಸಿಟ್ಟು ತಕ್ಷಣ ಅರ್ಥವಾಯಿತು. ಗೂಬೆಯ ಮೇಲೆ ಅವರು ಹಾಕುವ ಶಾಪ ಮಾತ್ರ ಇಂದಿಗೂ ಅರ್ಥವಾಗಿಲ್ಲ.

2000ರಲ್ಲಿ ಕೇಂದ್ರದವರು ಪರಿಹಾರದ ಕಾಯ್ದೆ ತಂದರು. ಅದು ಪದೇ ಪದೇ ಅವಧಿ ಮುಗಿದು ಸಾಯುತ್ತದೆ, ಮತ್ತೆ ಯಾರೋ ಜೀವ ತುಂಬುತ್ತಾರೆ. ಇದನ್ನು ನಂಬಿಕೊಂಡು ಬಜೆಟ್ ಬರೆಯುವುದೆಂದರೆ ಮಳೆ ನಂಬಿ ಸಾಲ ಮಾಡಿದ ಹಾಗೆ.

ಇನ್ನೊಂದು ಪೆಟ್ಟು ಮನೆಯೊಳಗಿನದು. 1997ರಲ್ಲಿ ರಾಜ್ಯದ ಮತದಾರರು ಪ್ರತಿ ಕೌಂಟಿಯ ತೆರಿಗೆ ದರವನ್ನು ಶಾಶ್ವತವಾಗಿ ಕಟ್ಟಿಹಾಕಿದರು. ನಾಟಾ ಹಣದ ಕಾಲದಲ್ಲಿ ತೆರಿಗೆಯನ್ನು ಕಡಿಮೆ ಇಟ್ಟುಕೊಂಡಿದ್ದ ಕೌಂಟಿಗಳು ಆ ಕಡಿಮೆ ದರದಲ್ಲೇ ಸಿಕ್ಕಿಬಿದ್ದವು. ನಮ್ಮದು ಸಾವಿರ ಡಾಲರ್ ಮೌಲ್ಯಕ್ಕೆ 58.67 ಸೆಂಟ್. ತೆರಿಗೆ ಲೆಕ್ಕದಲ್ಲಿ ಎರಡು ಲಕ್ಷ ಬೆಲೆಯ ಮನೆಗೆ ವರ್ಷಕ್ಕೆ 117 ಡಾಲರ್. ಅಷ್ಟರಲ್ಲಿ ಜೈಲು, ಗಸ್ತು, ಸರ್ಕಾರಿ ವಕೀಲರು ಎಲ್ಲ ನಡೆಯಬೇಕು.

ಬೇಕಾದರೆ ಐದು ವರ್ಷದ ಮಟ್ಟಿಗೆ ಹೆಚ್ಚುವರಿ ಆಸ್ತಿ ತೆರಿಗೆಗೆ, ಅಂದರೆ ಲೆವಿಗೆ, ಮತ ಕೇಳಬಹುದು. 2012ರ ಮೇ ತಿಂಗಳಲ್ಲಿ ಸಾವಿರಕ್ಕೆ 1.99 ಡಾಲರ್ ಕೇಳಿದರು, ಜನ ಬೇಡವೆಂದರು. ಶೆರಿಫ್ ಕಚೇರಿಯ ಬಹುಪಾಲು ಡೆಪ್ಯುಟಿಗಳು ಕೆಲಸ ಕಳೆದುಕೊಂಡರು, ಜೈಲಿನಿಂದ ಕೈದಿಗಳನ್ನು ಬಿಟ್ಟರು. ಮನೆಯಲ್ಲಿ ಹಿಂಸೆಯ ಭಯವಿರುವವರು ಪೊಲೀಸ್ ವ್ಯವಸ್ಥೆ ಸರಿಯಾಗಿರುವ ಬೇರೆ ಊರಿಗೆ ಹೋಗುವುದನ್ನು ಯೋಚಿಸಿ ಎಂಬರ್ಥದ ಪ್ರಕಟಣೆಯನ್ನೇ ಶೆರಿಫ್ ಹೊರಡಿಸಿದರು. ಆ ವರ್ಷ ನಮ್ಮ ರಸ್ತೆಯವರು ಸರದಿಯ ಮೇಲೆ ಟಾರ್ಚ್ ಹಿಡಿದು ಸುತ್ತಿದೆವು. ಏನಾದರೂ ಕಂಡರೆ ಏನು ಮಾಡುವುದೆಂದು ಮಾತ್ರ ಯಾರೂ ಯಾರನ್ನೂ ಕೇಳಲಿಲ್ಲ. ಮುಂದಿನ ವರ್ಷ 1.48ಕ್ಕೆ ಇಳಿಸಿ ಕೇಳಿದರು, ಸೋತಿತು. ಒಂದರ ಮೇಲೊಂದು ಸೋತು, 2017ರಲ್ಲಿ 93 ಸೆಂಟ್‌ನ ಲೆವಿ ಗೆದ್ದಿತು. ಅದೂ ಜೈಲಿಗೆ ಮತ್ತು ಬಾಲಾಪರಾಧಿಗಳ ವ್ಯವಸ್ಥೆಗೆ ಮಾತ್ರ.

ನಿಮ್ಮ ಮಾವನವರ ಸಲುವಾಗಿ ಗ್ರಂಥಾಲಯದ ಕಥೆಯನ್ನೂ ಹೇಳುತ್ತೇನೆ. 2007ರ ಮೇ ತಿಂಗಳಲ್ಲಿ ಕೌಂಟಿ ಎಲ್ಲ ಶಾಖೆಗಳಿಗೂ ಬೀಗ ಹಾಕಿತು. ಮರುವರ್ಷದ ಕೊನೆಯಿಂದ ಊರಿನವರೇ ಲಾಭರಹಿತ ಸಂಸ್ಥೆ ಕಟ್ಟಿಕೊಂಡು, ಚಂದಾ ಎತ್ತಿ ಒಂದೊಂದಾಗಿ ತೆರೆದರು. ನಾನು ಶನಿವಾರ ಪುಸ್ತಕ ಜೋಡಿಸಲು ಹೋಗುತ್ತಿದ್ದೆ. ಅರ್ಧ ದಿನ ಮಾತ್ರ ತೆರೆದಿರುತ್ತಿತ್ತು, ಹೀಟರ್ ಉರಿಸಲು ಲೆಕ್ಕ ಹಾಕುತ್ತಿದ್ದರು, ಕೋಟು ಬಿಚ್ಚದೆ ಕೆಲಸ ಮಾಡುತ್ತಿದ್ದೆವು. 2017ರಲ್ಲಿ ಮತ ಹಾಕಿ ಗ್ರಂಥಾಲಯಕ್ಕೇ ಪ್ರತ್ಯೇಕ ತೆರಿಗೆ ಜಿಲ್ಲೆ (ಅದಕ್ಕೆಂದೇ ತೆರಿಗೆ ಎತ್ತುವ ಸ್ವತಂತ್ರ ಸಂಸ್ಥೆ) ಮಾಡಿದೆವು, ಸಾವಿರಕ್ಕೆ 39 ಸೆಂಟ್. ಲೆಕ್ಕ ಹಾಕಿ, ಹತ್ತು ವರ್ಷ ಹಿಡಿಯಿತು.

ರೋಸ್‌ಬರ್ಗ್‌ನಿಂದ:

ನಮ್ಮ ಡಗ್ಲಸ್ ಕೌಂಟಿಯಲ್ಲಿ 2016ರ ನವೆಂಬರ್‌ನಲ್ಲಿ ಗ್ರಂಥಾಲಯ ಜಿಲ್ಲೆಯ ಪ್ರಸ್ತಾವವನ್ನು ಜನ ತಳ್ಳಿಹಾಕಿದರು. ಮರುವರ್ಷ ಮೊದಲು ಶಾಖೆಗಳು, ಮೇ ಕೊನೆಗೆ ಮುಖ್ಯ ಗ್ರಂಥಾಲಯ ಮುಚ್ಚಿತು. ರೋಸ್‌ಬರ್ಗ್‌ನದು 2018ರ ಕೊನೆಯಲ್ಲಿ ನಗರದ ಗ್ರಂಥಾಲಯವಾಗಿ ಮತ್ತೆ ತೆರೆಯಿತು. ಆ ಒಂದೂವರೆ ವರ್ಷ ನನ್ನ ಮಗಳಿಗೆ ಐದರಿಂದ ಆರೂವರೆ. ಅಕ್ಷರ ಕೂಡಿಸಿ ಓದಲು ಕಲಿತದ್ದು ಸೂಪರ್ ಮಾರ್ಕೆಟ್‌ನ ಜಾಹೀರಾತು ಹಾಳೆಯಲ್ಲಿ. ಅವಳ ಮೊದಲ ಇಂಗ್ಲಿಷ್ ಪದ ‘ಕೂಪನ್’ ಎಂದು ನಾವು ಈಗಲೂ ನಗುತ್ತೇವೆ. ನೀವು ಖಂಡಿತ ಹೋಗಿ ಮಾತನಾಡಿ.

‘ಬೇಡ’ ಎಂದು ಮತ ಹಾಕಿದವನು:

ಎಲ್ಲರೂ ನಮ್ಮನ್ನು ಜಿಪುಣರೆಂದು ಬಗೆಯುತ್ತಾರೆ, ಹಾಗಾಗಿ ಬರೆಯುತ್ತಿದ್ದೇನೆ. ನಾನು ನಗರದ ಗಡಿಯೊಳಗೆ ಇದ್ದೇನೆ, ಕೌಂಟಿ ಯಾವುದೆಂದು ಹೇಳುವುದಿಲ್ಲ. ನಗರಕ್ಕೆ ತೆರಿಗೆ ಕಟ್ಟುತ್ತೇನೆ, ಅದರಲ್ಲೇ ನಗರದ ಪೊಲೀಸರ ಸಂಬಳವೂ ಇದೆ. ಕಾಡಂಚಿನಲ್ಲಿ ಐದೈದು ಎಕರೆ ಕೊಂಡು, ‘ಸರ್ಕಾರದ ಕಾಟ ಬೇಡ’ ಎಂದು ಬೋರ್ಡು ಹಾಕಿಕೊಂಡವರ ಗೇಟಿನವರೆಗೆ ಗಸ್ತು ಹೋಗಲು ನಾನು ಮತ್ತೊಮ್ಮೆ ಏಕೆ ಕೊಡಬೇಕು? ನಿವೃತ್ತನಾದವನಿಗೆ ವರ್ಷಕ್ಕೆ ನಾನೂರು ಡಾಲರ್ ಹೆಚ್ಚುವರಿ ಎಂದರೆ ಒಂದು ತಿಂಗಳ ಔಷಧಿ. ಆದರೆ ಜೈಲಿಗೆಂದು ಬೇರೆಯಾಗಿ ಕೇಳಿದಾಗ ‘ಬೇಕು’ ಎಂದೇ ಗುರುತು ಹಾಕಿದೆ, ಏಕೆಂದರೆ ನಮ್ಮ ಪೊಲೀಸರು ಹಿಡಿದವರನ್ನೂ ಅಲ್ಲೇ ಇಡಬೇಕಲ್ಲ. ಮೂಟೆ ಕಟ್ಟಿ ಕೇಳಿದರೆ ಕೊಡುವುದಿಲ್ಲ, ಬಿಡಿಯಾಗಿ ಕೇಳಿದರೆ ಯೋಚಿಸುತ್ತೇನೆ. ನನ್ನಂಥವರು ಆ ಸಭೆಯಲ್ಲೂ ಇರುತ್ತಾರೆ ಎಂಬುದು ನೆನಪಿರಲಿ.

ಬಜೆಟ್ ಸಮಿತಿಯಲ್ಲಿ ಮೂರು ವರ್ಷ ಕುಳಿತವರು:

ನಾನೂ ಊರ ಹೆಸರು ಹೇಳುವುದಿಲ್ಲ. ಮಂಗಳವಾರದ್ದು ಯಾವ ಸಭೆ ಎಂಬುದನ್ನು ಕಾಗದದಲ್ಲಿ ಮೊದಲು ನೋಡಿ. ಒರೆಗಾನ್‌ನಲ್ಲಿ ಬಜೆಟ್ ಸಮಿತಿ ಎಂದರೆ ಕಮಿಷನರುಗಳು ಎಷ್ಟು ಜನರೋ ಅಷ್ಟೇ ಸಂಖ್ಯೆಯ ಸಾಮಾನ್ಯ ಮತದಾರರು, ಸರಿಸಮ. ಈ ಸಮಿತಿ ಒಪ್ಪಿದ ಮೇಲೆ ಕಮಿಷನರುಗಳು ಇನ್ನೊಂದು ವಿಚಾರಣೆ ನಡೆಸಿ ಜೂನ್ 30ರೊಳಗೆ ಅಂಗೀಕರಿಸುತ್ತಾರೆ. ಜನ ಕಿಕ್ಕಿರಿದು ಬರುವುದು ಆ ಎರಡನೆಯದಕ್ಕೆ, ಅಷ್ಟೊತ್ತಿಗೆ ಅನ್ನ ಬೆಂದು ಇಳಿಸಿಯಾಗಿರುತ್ತದೆ. ಯಾವುದೇ ನಿಧಿಯ ವೆಚ್ಚವನ್ನು ಶೇಕಡಾ 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಮತ್ತೆ ಪ್ರಕಟಿಸಿ ಮತ್ತೆ ವಿಚಾರಣೆ ನಡೆಸಬೇಕು. ಜೂನ್ ಕೊನೆಯ ವಾರದಲ್ಲಿ ಆ ತಾಪತ್ರಯ ಯಾರಿಗೂ ಬೇಡ. ನಿಮ್ಮದು ಸಮಿತಿಯ ಸಭೆಯಾಗಿದ್ದರೆ ಸರಿಯಾದ ಹೊತ್ತಿಗೇ ಹೋಗುತ್ತಿದ್ದೀರಿ.

ಕಡತ ದಪ್ಪವಿರುತ್ತದೆ, ಒಟ್ಟು ಮೊತ್ತ ನೋಡಿದರೆ ತಲೆ ತಿರುಗುತ್ತದೆ. ಆ ಮೊತ್ತವನ್ನು ಮರೆತುಬಿಡಿ. ಸಾಮಾನ್ಯ ನಿಧಿಯ ಪುಟ ಹುಡುಕಿ, ಕೈಯಾಡಿಸಲು ಬರುವುದು ಹೆಚ್ಚುಕಡಿಮೆ ಅಲ್ಲಿ ಮಾತ್ರ. ಪ್ರತಿ ವರ್ಷ ಯಾರಾದರೊಬ್ಬರು ಎದ್ದು ‘ಗ್ರಂಥಾಲಯ ಮುಚ್ಚಿ ರಸ್ತೆಗೆ ಟಾರು ಹಾಕುತ್ತೀರಾ’ ಎಂದು ಗುಡುಗುತ್ತಾರೆ, ಚಪ್ಪಾಳೆಯೂ ಬೀಳುತ್ತದೆ. ಇಂಧನ ತೆರಿಗೆ, ವಾಹನ ಶುಲ್ಕಗಳನ್ನು ರಸ್ತೆ ಬಿಟ್ಟು ಬೇರೆಡೆ ಖರ್ಚು ಮಾಡಬಾರದೆಂದು ರಾಜ್ಯದ ಸಂವಿಧಾನದಲ್ಲೇ ಇದೆ. ಕಾಡಿನ ಹಣದಲ್ಲೂ ಭೇದವಿದೆ. ರಾಷ್ಟ್ರೀಯ ಅರಣ್ಯದ ಪಾಲಿನಲ್ಲಿ ಮುಕ್ಕಾಲು ರಸ್ತೆಗೆ, ಕಾಲು ಶಾಲೆಗೆ. ಮೇಲೆ ಹೇಳಿದ ರೈಲು ಕಂಪನಿ ಜಮೀನಿನ ಪಾಲು ಮಾತ್ರ ಸಾಮಾನ್ಯ ನಿಧಿಗೆ ಬರುತ್ತದೆ. ‘ಬ್ಯಾಂಕಿನಲ್ಲಿ ಲಕ್ಷಗಟ್ಟಲೆ ಇಟ್ಟುಕೊಂಡು ಅಳುತ್ತೀರಿ’ ಎನ್ನುವವರೂ ಇರುತ್ತಾರೆ. ವರ್ಷ ಶುರುವಾಗುವುದು ಜುಲೈ 1ಕ್ಕೆ, ಆಸ್ತಿ ತೆರಿಗೆ ಬರುವುದು ನವೆಂಬರ್ ನಡುವಿಗೆ. ಅಲ್ಲಿಯವರೆಗೆ ಸಂಬಳ ಕೊಡುವುದು ಆ ಇಡುಗಂಟಿನಿಂದ.

ನೀವು ಕೇಳಬೇಕಾದದ್ದು ಊಟದ ವ್ಯಾನಿನ ಬಗ್ಗೆ. ಹಿರಿಯರ ಊಟಕ್ಕೆ ಕೇಂದ್ರದ ಕಾಯ್ದೆಯಡಿ ಹಣ ಬರುತ್ತದೆ, ಸ್ಥಳೀಯರೂ ಒಂದಿಷ್ಟು ಜೊತೆಗೂಡಿಸಬೇಕು. ‘ಇಲ್ಲಿ ಒಂದು ಡಾಲರ್ ಕಡಿದರೆ ಹೊರಗಿನಿಂದ ಬರುವ ಎಷ್ಟು ಡಾಲರ್ ನಿಲ್ಲುತ್ತದೆ?’ ಇದೊಂದೇ ಪ್ರಶ್ನೆ, ಪುಟದ ಸಂಖ್ಯೆ ಸಮೇತ. ಭಾಷಣ ಬೇಡ. ಮೂರು ವರ್ಷದಲ್ಲಿ ನನ್ನ ಮನಸ್ಸು ಬದಲಾಯಿಸಿದವರು ಇಬ್ಬರೇ, ಇಬ್ಬರ ಕೈಯಲ್ಲೂ ಪುಟದ ಸಂಖ್ಯೆ ಬರೆದ ಚೀಟಿ ಇತ್ತು.

ಗ್ರಾಮ ಪಂಚಾಯಿತಿಯ ನಿವೃತ್ತ ಕಾರ್ಯದರ್ಶಿ, ಸದ್ಯ ಮಗನ ಮನೆಯಲ್ಲಿ:

ಅಮ್ಮಾ, ಮಗನ ಜೊತೆ ಹೋಗಿ ಇಂಥದೇ ಒಂದು ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಭಾಷೆ ಅರ್ಧ ತಿಳಿಯಲಿಲ್ಲ, ಲೆಕ್ಕ ಪೂರ್ತಿ ತಿಳಿಯಿತು. ನಮ್ಮಲ್ಲೂ 15ನೇ ಹಣಕಾಸು ಆಯೋಗದ ಹಣದಲ್ಲಿ ನೂರಕ್ಕೆ 60 ನಿರ್ಬಂಧಿತವಾಗಿತ್ತು, ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಹೋಗಬೇಕಿತ್ತು. ಖಾತೆಯಲ್ಲಿ ಹಣ ಕಾಣುತ್ತಿತ್ತು, ಬೀದಿದೀಪದ ಬಿಲ್ ಕಟ್ಟಲು ಮುಟ್ಟುವಂತಿರಲಿಲ್ಲ. ಗ್ರಾಮಸಭೆಯಲ್ಲಿ ನನ್ನನ್ನು ಬೈದವರಿಗೆ ಇದನ್ನು ವಿವರಿಸಿ ವಿವರಿಸಿ ಗಂಟಲು ಒಣಗಿದೆ. ಒಂದು ವ್ಯತ್ಯಾಸ ಕಂಡಿತು. ಇಲ್ಲಿ ಬೈದವರ ಮಾತನ್ನೂ ನಡಾವಳಿಯಲ್ಲಿ ಬರೆದುಕೊಳ್ಳುತ್ತಾರೆ.

ಕೇಳಿದವರು, ಸಭೆಯ ಮರುದಿನ:

ಎಲ್ಲರಿಗೂ ವಂದನೆ. ಹೋಗಿ ಬಂದೆ. ಅದು ಸಮಿತಿಯ ಸಭೆಯೇ ಆಗಿತ್ತು. ಮಡಚುವ ಕುರ್ಚಿಗಳು ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ಮುಂದೆ ಪುಟ್ಟದೊಂದು ದೀಪ: ಹಸಿರು, ಹಳದಿ, ಕೆಂಪು. ಟಾರಿನ ಪ್ರಶ್ನೆ ನಿಜಕ್ಕೂ ಬಂತು, ಚಪ್ಪಾಳೆಯೂ ಬಿತ್ತು! ನನ್ನ ಸರದಿ ಬಂದಾಗ ಗ್ರಂಥಾಲಯದ ಬಗ್ಗೆ ಎರಡು ವಾಕ್ಯ ಹೇಳಿ, ಪುಟದ ಸಂಖ್ಯೆ ಓದಿ, ವ್ಯಾನಿನ ಪ್ರಶ್ನೆ ಕೇಳಿದೆ. ದೀಪ ಇನ್ನೂ ಹಸಿರಾಗಿಯೇ ಇತ್ತು. ಹಣಕಾಸು ಅಧಿಕಾರಿ ಪುಟ ತಿರುಗಿಸಿದರು, ಮತ್ತೆ ತಿರುಗಿಸಿದರು, ಪಕ್ಕದವರ ಕಿವಿಯಲ್ಲಿ ಏನೋ ಕೇಳಿದರು. ಕೊನೆಗೆ ಗುರುವಾರದ ಸಭೆಗೆ ಬರವಣಿಗೆಯಲ್ಲಿ ಉತ್ತರ ತರುವುದಾಗಿ ಹೇಳಿದರು. ಸಮಿತಿಯ ಒಬ್ಬ ಹೆಂಗಸು ಅದನ್ನು ಬರೆದುಕೊಂಡು ಕೆಳಗೆ ಗೆರೆ ಎಳೆದದ್ದು ನನಗೆ ಕಂಡಿತು. ಗ್ರಂಥಾಲಯದ ವಿಷಯ ಇನ್ನೂ ತೀರ್ಮಾನವಾಗಿಲ್ಲ.

ಗುರುವಾರದ ಸಭೆ ಮಧ್ಯಾಹ್ನ ಎರಡಕ್ಕೆ, ನನಗೆ ರಜೆ ಸಿಗುವುದಿಲ್ಲ. ಮಾವನವರು ತಾವೇ ಹೋಗಿ ಕುಳಿತು ಉತ್ತರ ತರುವುದಾಗಿ ಹೇಳಿ, ನಿನ್ನೆ ರಾತ್ರಿಯೇ ಕೋಟು ಇಸ್ತ್ರಿ ಮಾಡಿಸಿಕೊಂಡಿದ್ದಾರೆ.